ಎಡಗಿವಿಗೆ 1959, ಬಲಗಿವಿಗೆ 2014

ಮೊದಲ ವಾರ

ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ನ 1959ರ ಆಲ್ಬಮ್ 'ಕೈಂಡ್ ಆಫ್ ಬ್ಲೂ'ನ ಹಾಡುಗಳನ್ನು ತಮ್ಮ ರೀತಿಯಲ್ಲಿ ನುಡಿಸಿದ ಜಾಝ್‌ನವರಿಗೆ ಲೆಕ್ಕವಿಲ್ಲ. ಟ್ರಾಂಬೋನ್ ವಾದಕ ಕಾನ್ರಾಡ್ ಹರ್ವಿಗ್ 2004ರಲ್ಲಿ ಇಡೀ ಆಲ್ಬಮ್ಮನ್ನೇ ಲ್ಯಾಟಿನ್ ತಾಳಕ್ಕೆ ಕೂರಿಸಿದ. 2014ರಲ್ಲಿ 'ಮೋಸ್ಟ್ಲಿ ಅದರ್ ಪೀಪಲ್ ಡೂ ದ ಕಿಲ್ಲಿಂಗ್' ಅನ್ನೋ ತಂಡ ಮಾಡಿದ್ದು ಉಲ್ಟಾ ಕೆಲಸ. ಏನನ್ನೂ ಬದಲಿಸದೆ ಸ್ವರಕ್ಕೆ ಸ್ವರ ನುಡಿಸಿ, 'ಬ್ಲೂ' ಅಂತ ಹೆಸರಿಟ್ಟರು. ಯಾರದೋ ಮನೋಧರ್ಮವನ್ನು, ಅಂದರೆ ಆ ಕ್ಷಣಕ್ಕೆ ಹುಟ್ಟಿದ ಸಂಗೀತವನ್ನು, ವರ್ಣದ ಹಾಗೆ ಬಾಯಿಪಾಠ ಮಾಡಿ ಒಪ್ಪಿಸಿದ ಹಾಗೆ.

ನನ್ನ ಯೋಜನೆ ಇಷ್ಟೇ: ಹೆಡ್‌ಫೋನಿನ ಎಡಕ್ಕೆ ಮೂಲ, ಬಲಕ್ಕೆ ನಕಲು, ಆಡಾಸಿಟಿ ಅನ್ನೋ ಧ್ವನಿ ಸಂಕಲನ ತಂತ್ರಾಂಶದಲ್ಲಿ ಜೋಡಿಸಿ ಕೇಳೋದು. ಶುರು ಮೊದಲ ಹಾಡು 'ಸೋ ವಾಟ್'ನಿಂದ.

ಮೊದಲು ಸ್ವರ ಗುರುತಿಸಿಕೊಳ್ಳೋಣ ಅಂತ ತಂಬೂರಿ ಆ್ಯಪನ್ನು ಹಾಡಿನ ಆಧಾರ ಸ್ವರವಾದ ಡಿ (D) ಶ್ರುತಿಗಿಟ್ಟು, ಚಿಕ್ಕಪ್ಪ ಕೊಟ್ಟ ಮೂಲ ಆಲ್ಬಮ್ಮಿನ ಹಳೇ ಎಲ್‌ಪಿ ಹಾಕಿದೆ. ಶ್ರುತಿ ಸೇರಲೇ ಇಲ್ಲ. ರೆಕಾರ್ಡು ಸ್ವಲ್ಪ ಮೇಲೇ ನಿಂತಿತ್ತು. ಪ್ಲೇಯರ್ ಬೆಲ್ಟ್ ಹಳೇದಾಯ್ತೇನೋ ಅಂತ ಹೊಸದು ತರಿಸಿದೆ.

ಎರಡನೇ ವಾರ

ಹೊಸ ಬೆಲ್ಟ್ ಹಾಕಿದರೂ ಅದೇ ಕಥೆ. ಬೇಜಾರಾಗಿ ಮಗ್ಗುಲು ತಿರುಗಿಸಿ 'ಆಲ್ ಬ್ಲೂಸ್' ಹಾಕಿ, ಆ್ಯಪನ್ನು ಅದರ ಜಿ (G) ಶ್ರುತಿಗೆ ಬದಲಿಸಿದರೆ ಸರಿಯಾಗಿ ಕೂತಿತು! ಒಂದೇ ತಟ್ಟೆ, ಒಂದೇ ಬೆಲ್ಟ್, ಒಂದು ಮಗ್ಗುಲು ಮಾತ್ರ ಮೇಲೆ.

ಹುಡುಕಿದಾಗ ಗೊತ್ತಾಯ್ತು. ಮೊದಲ ಮಗ್ಗುಲಿನ ಮೂರೂ ಹಾಡು 1959ರ ಮಾರ್ಚ್ 2ರಂದು ಧ್ವನಿಮುದ್ರಣವಾದವು. ಅವತ್ತು ಟೇಪ್ ಯಂತ್ರ ಕೊಂಚ ನಿಧಾನಕ್ಕೆ ಓಡುತ್ತಿತ್ತು. ನಿಧಾನಕ್ಕೆ ಹಿಡಿದದ್ದನ್ನು ಸರಿ ವೇಗದಲ್ಲಿ ನುಡಿಸಿದರೆ ಶ್ರುತಿ ಏರುತ್ತೆ. ಎರಡನೇ ಮಗ್ಗುಲು ಏಪ್ರಿಲ್ 22ರದ್ದು, ಅದಕ್ಕೆ ತೊಂದರೆಯಿಲ್ಲ. ಈ ತಪ್ಪು ಸರಿಹೋಗಿದ್ದು 1992ರ ಮರುಬಿಡುಗಡೆಯಲ್ಲಿ. ನನ್ನ ಬೆಲ್ಟಿನ ದುಡ್ಡು ದಂಡ. ಈಗ ಹೊಸ ಸಿಡಿಯಿಂದ ಕೆಲಸ.

ನಾಲ್ಕನೇ ವಾರ

'ಸೋ ವಾಟ್' ಕಟ್ಟಡ ನಮ್ಮ ಕಿವಿಗೆ ಸುಲಭ. 16 ಬಾರ್ (ಒಂದು ಬಾರ್ ಅಂದರೆ ನಾಲ್ಕೆಣಿಕೆಯ ಒಂದು ಆವರ್ತ) ಖರಹರಪ್ರಿಯ ರಾಗದ ಸ್ವರಗಳು, 8 ಬಾರ್ ಅವೇ ಸ್ವರಗಳು ಅರ್ಧ ಸ್ವರ ಮೇಲಕ್ಕೆ, ಮತ್ತೆ 8 ಬಾರ್ ಕೆಳಗೆ. ರಾಗ ಅದೇ, ಷಡ್ಜವೇ ಜಾರುತ್ತೆ. (ಆ 8 ಬಾರ್ ತಂಬೂರಿ ಆರಿಸದಿದ್ದರೆ ಪಕ್ಕದ ಮನೆಯವರು ಬಂದಾರು.) ಬಾಸ್ ಪ್ರಶ್ನೆ ಕೇಳಿದಾಗ ಪಿಯಾನೊ ಕೊಡುವ ಎರಡು ಏಟಿನ ಉತ್ತರ ಬಿಡಿಸಿದೆ. ಡಿಯನ್ನು ಷಡ್ಜ ಅಂತಿಟ್ಟುಕೊಂಡರೆ, ಕೆಳಗಿಂದ ಮೇಲಕ್ಕೆ ರಿ-ಪ-ಸ-ಮ-ದ ಒಟ್ಟಿಗೆ, ಆಮೇಲೆ ಸ-ಮ-ನಿ-ಗ-ಪ ಒಟ್ಟಿಗೆ. ಐದೂ ಸ್ವರ ಒಂದೊಂದು ಮೆಟ್ಟಿಲು ಇಳಿಯುತ್ತವೆ, ಅಷ್ಟೇ.

ಜೋಡಿಸೋದು ತಲೆನೋವು. ಪ್ರತಿ 32 ಬಾರ್‌ಗೆ ಕತ್ತರಿಸಿ ಮತ್ತೆ ಕೂರಿಸಬೇಕಾಯ್ತು.

ಒಂದೂವರೆ ನಿಮಿಷದ ಹತ್ತಿರ ಮೈಲ್ಸ್ ಸೋಲೊ ಶುರುವಾಗುವಾಗ ಡ್ರಮ್ ವಾದಕ ಜಿಮ್ಮಿ ಕಾಬ್ ಸಿಂಬಲ್‌ಗೆ ಒಂದು ಏಟು ಕೊಡುತ್ತಾನೆ. ಅದನ್ನೇ ಇಪ್ಪತ್ತು ಸಲ ಕೇಳಿರಬೇಕು. 'ಬ್ಲೂ'ದಲ್ಲಿ ಕೆವಿನ್ ಶೇ ಏಟೂ ಅಲ್ಲೇ ಬೀಳುತ್ತೆ, ಆದರೆ ಸದ್ದು ಆರುವ ಬಗೆ ನನ್ನ ಕಿವಿಗೆ ಬೇರೆ. ಮೂಲ ಧ್ವನಿಮುದ್ರಣ ನಡೆದದ್ದು ನ್ಯೂಯಾರ್ಕಿನ 30ನೇ ಬೀದಿಯಲ್ಲಿ, ಮೊದಲು ಚರ್ಚ್ ಆಗಿದ್ದ ಸ್ಟುಡಿಯೊದಲ್ಲಿ. ಕೈಯನ್ನು ನಕಲು ಮಾಡಬಹುದು, ಆ ಚಾವಣಿಯನ್ನು ಎಲ್ಲಿಂದ ತರೋದು?

'ಬ್ಲೂ'ದಲ್ಲಿ ಮೂಲದ ಸ್ಯಾಕ್ಸೊಫೋನ್ ವಾದಕರಾದ ಕೋಲ್ಟ್ರೇನ್ ಭಾಗವನ್ನೂ ಆಡರ್ಲಿ ಭಾಗವನ್ನೂ ಜಾನ್ ಇರಾಬಗಾನ್ ಒಬ್ಬನೇ ನುಡಿಸಿದ್ದಾನೆ, ಟೆನರ್ ಸ್ಯಾಕ್ಸ್ ಒಂದಕ್ಕೆ, ಆಲ್ಟೊ ಸ್ಯಾಕ್ಸ್ ಇನ್ನೊಂದಕ್ಕೆ. ಆಡರ್ಲಿ ಬಂದಾಗ ನಾನು ಎರಡು ಸಲ ಎಡ-ಬಲ ಮರೆತು ಮೋಸಹೋದೆ. ಕೋಲ್ಟ್ರೇನ್ ಹಾಗಲ್ಲ. ಮೂಲದಲ್ಲಿ ಅವನು ಒಂದು ಸಂಗತಿ ಹಿಡಿದು ಮೂರ್ನಾಲ್ಕು ಸಲ ತಡವುತ್ತಾನೆ. ಇರಾಬಗಾನ್‌ಗೆ ಅದು ಎಲ್ಲಿ ಸಿಗುತ್ತೆ ಅಂತ ಮೊದಲೇ ಗೊತ್ತು. ಇದು ನಿಜವಾಗಿ ಕೇಳಿಸಿದ್ದಾ, ನಕಲು ಅಂತ ಗೊತ್ತಿರೋದಕ್ಕೆ ಹಾಗನಿಸಿದ್ದಾ?

ಅದಕ್ಕೇ ಮುಂದಿನ ವಾರ ನನ್ನ ತಂಗಿ ತುಣುಕುಗಳನ್ನು ಕಲಸಿ, ಹೆಸರು ಹೇಳದೆ ಹಾಕ್ತಾಳೆ. 'ಆಲ್ ಬ್ಲೂಸ್' ಅದಾದ ಮೇಲೆ.