ಟಾಪರ್ ಒಣಗಿತೆಂದು ತಕ್ಕಡಿ ಹೇಳಬೇಕು

ಜೂನ್ 19

ಮಾರ್ಚ್‌ನಲ್ಲಿ ಅಪ್ಪಯ್ಯನ ಸೊಂಟದ ಮೂಳೆಯ ಆಪರೇಷನ್ ಆದ ಮೇಲೆ, ಅವರ ನಾರಿನ ಹಾಸಿಗೆಯ ಮೇಲೆ ಹಾಸಲು ಮೆಮೊರಿ ಫೋಮ್ ಟಾಪರ್ ತಂದಿದ್ದೆವು. ಆರಡಿ ಉದ್ದ, ಮೂರಡಿ ಅಗಲ, ಎರಡಿಂಚು ದಪ್ಪ. ಅಂಗಡಿಯಲ್ಲಿ 40 ಡೆನ್ಸಿಟಿ ಅಂದಿದ್ದರು. ಹಾಗೆಂದರೆ ಒಂದು ಘನ ಮೀಟರ್ ಫೋಮ್ 40 ಕಿಲೋ ತೂಗಬೇಕು. ನಮ್ಮ ಟಾಪರಿನ ಗಾತ್ರ ಸುಮಾರು 85 ಲೀಟರ್, ಲೆಕ್ಕಕ್ಕೆ 3.4 ಕಿಲೋ. ಮನೆಗೆ ತಂದ ದಿನವೇ ಸುತ್ತಿ, ಬ್ಯಾಗ್ ತೂಗುವ ಡಿಜಿಟಲ್ ತಕ್ಕಡಿಗೆ ನೇತುಹಾಕಿ ನೋಡಿದ್ದೆ: 3.38. ಮೋಸ ಇಲ್ಲ ಅಂತ ಸಮಾಧಾನವಾಗಿ ಕವರಿನ ಒಳಗಿನ ಚೀಟಿಯ ಮೇಲೆ ಬಾಲ್‌ಪೆನ್ನಿನಲ್ಲಿ ಬರೆದಿಟ್ಟಿದ್ದೆ.

ನಿನ್ನೆ ರಾತ್ರಿ ರಬ್ಬರ್ ಶೀಟ್ ಪಕ್ಕಕ್ಕೆ ಸರಿದಿತ್ತು. ಬೆಳಗಿನ ಐದಕ್ಕೆ ನೋಡಿದರೆ ಟಾಪರ್ ನಡುಭಾಗ ಪೂರ್ತಿ ಒದ್ದೆ. ಅಪ್ಪಯ್ಯ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು, ಮಾತಾಡಲಿಲ್ಲ. ಅವರನ್ನು ಒರೆಸಿ, ಬಟ್ಟೆ ಬದಲಿಸಿ, ಕುರ್ಚಿಯಲ್ಲಿ ಕೂರಿಸಿ ಕಾಫಿ ಕೊಟ್ಟ ಮೇಲೆಯೇ ಟಾಪರಿಗೆ ಕೈ ಹಾಕಿದ್ದು.

ಹಳೇ ಕಾಟನ್ ಪಂಚೆಗಳನ್ನು ನಾಲ್ಕು ಮಡಿಕೆ ಮಾಡಿ ಒದ್ದೆಯ ಮೇಲಿಟ್ಟು ಅಂಗೈಯಿಂದ ಒತ್ತಿದೆ. ಉಜ್ಜಲಿಲ್ಲ. ಉಜ್ಜಿದರೆ ಕಲೆ ಅಗಲವಾಗುತ್ತದೆ, ಫೋಮಿನ ಮೇಲ್ಮೈಯೂ ಕಿತ್ತು ಪುಡಿ ಏಳುತ್ತದೆ. ಐದು ಪಂಚೆ ಒದ್ದೆಯಾದವು. ತೂಗಿದರೆ 3.71. ಕಣ್ಣಿಗೆ ಬರೀ ತೇವ ಅನ್ನಿಸಿದ್ದರೊಳಗೆ ಇನ್ನೂ ಮುನ್ನೂರು ಗ್ರಾಂಗಿಂತ ಹೆಚ್ಚು ಇತ್ತು.

ಬಿಳಿ ವಿನೆಗರ್ ಮತ್ತು ನೀರು ಸಮಸಮ ಬೆರೆಸಿ ಸ್ಪ್ರೇ ಬಾಟಲಿಯಲ್ಲಿ ಹೊಡೆದೆ. ಮೂತ್ರ ಹಳತಾದಂತೆ ಬ್ಯಾಕ್ಟೀರಿಯಾ ಅದರಲ್ಲಿನ ಯೂರಿಯಾವನ್ನು ಅಮೋನಿಯ ಮಾಡುತ್ತವೆ, ಮೂಗಿಗೆ ಹೊಡೆಯುವುದು ಅದೇ. ವಿನೆಗರಿನ ಹುಳಿ ಅದನ್ನು ಹಿಡಿದುಕೊಳ್ಳುತ್ತದೆ. ಅರ್ಧ ಗಂಟೆ ಬಿಟ್ಟು ಮತ್ತೆ ಪಂಚೆ ಒತ್ತಿ, ಆಮೇಲೆ ಅಡುಗೆ ಸೋಡಾವನ್ನು ರಂಗೋಲಿ ಪುಡಿ ಉದುರಿಸಿದ ಹಾಗೆ ತೆಳ್ಳಗೆ ಉದುರಿಸಿದ್ದೇನೆ. ಎರಡನ್ನೂ ಒಟ್ಟಿಗೇ ಹಾಕಿದರೆ ನೊರೆ ಚೆನ್ನಾಗಿ ಬರುತ್ತದೆ, ಆದರೆ ಹುಳಿ ಮತ್ತು ಸೋಡಾ ಒಂದನ್ನೊಂದು ತಿಂದು ಮುಗಿಸುತ್ತವೆ, ವಾಸನೆಗೆ ಉಳಿಯುವುದು ಏನೂ ಇಲ್ಲ.

ಜೂನ್ 23

ಸೋಡಾ ಕೊಡವಿ ತೆಗೆದು ಮೂರು ದಿನ ಆಯಿತು. ಹತ್ತಿರ ಹೋದರೆ ವಾಸನೆ ಇನ್ನೂ ಇದೆ. ಅಮ್ಮ "ನೀರು ಕಾಣಿಸದೆ ಯಾವ ಬಟ್ಟೆ ಮಡಿಯಾಗ್ತದೆ?" ಎಂದರು. ನನಗೂ ಬೇರೆ ದಾರಿ ಕಾಣಲಿಲ್ಲ. ಬಚ್ಚಲಿಗೆ ಒಯ್ದು, ಎರಡು ಬಕೆಟ್ ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಶಾಂಪೂ ಹಾಕಿ ಸುರಿದು, ಒತ್ತಿ ಒತ್ತಿ ತೊಳೆದೆ.

ತಪ್ಪು ಮಾಡಿದ್ದು ಎತ್ತುವಾಗ. ನೀರು ಕುಡಿದ ಫೋಮಿಗೆ ತನ್ನದೇ ಭಾರ ಹೊರುವ ಶಕ್ತಿ ಇರುವುದಿಲ್ಲ. ಒಂದು ಮೂಲೆ ಹಿಡಿದು ಎಳೆದೆ, ಅಂಚಿನಲ್ಲಿ ನಾಲ್ಕಿಂಚು ಹರಿಯಿತು. ಬ್ರೆಡ್ ಮುರಿದಷ್ಟು ಸಲೀಸಾಗಿ ಹರಿಯಿತು, ಸದ್ದೂ ಬರಲಿಲ್ಲ. ಆಮೇಲೆ ಕೆಳಗೆ ಬೆಡ್‌ಶೀಟ್ ತೂರಿಸಿ, ಅಮ್ಮ ಒಂದು ತುದಿ ನಾನೊಂದು ತುದಿ ಹಿಡಿದು ತೊಟ್ಟಿಲಿನಂತೆ ಎತ್ತಿದೆವು. ಮೊದಲೇ ಹಾಗೆ ಮಾಡಬೇಕಿತ್ತು.

ಹಿಂಡಬಾರದು, ತಿರುಚಬಾರದು, ಸುರುಳಿ ಸುತ್ತಲೂಬಾರದು. ಎರಡು ಒಣ ಬೆಡ್‌ಶೀಟ್ ನಡುವೆ ಮಲಗಿಸಿ ಮೊಣಕಾಲೂರಿ ತುದಿಯಿಂದ ತುದಿಗೆ ನಿಧಾನ ಒತ್ತುತ್ತಾ ಹೋದೆ. ಮೆಮೊರಿ ಫೋಮ್ ಒತ್ತಿದ್ದು ಮೇಲೇಳುವುದೇ ನಿಧಾನ. 1966ರಲ್ಲಿ ನಾಸಾದ ಕೆಲಸವಾಗಿ ಚಾರ್ಲ್ಸ್ ಯೋಸ್ಟ್ ವಿಮಾನದ ಸೀಟಿಗೆಂದು ಇದನ್ನು ಮಾಡಿದಾಗ ಬೇಕಾಗಿದ್ದೂ ಆ ಗುಣವೇ. ಅಪ್ಪಯ್ಯನ ಬೆನ್ನಿಗೆ ಹಿತವಾಗಿರುವ ಆ ಗುಣ ನೀರು ತೆಗೆಯುವಾಗ ಕಷ್ಟ ಕೊಡುತ್ತದೆ: ಸಾಮಾನ್ಯ ಫೋಮಿನಷ್ಟು ಸರಾಗವಾಗಿ ಇದರೊಳಗೆ ಗಾಳಿ ಆಡುವುದಿಲ್ಲ.

ಶೀಟಿನ ಸಮೇತ ತೂಗಿ ಶೀಟಿನ ತೂಕ ಕಳೆದರೆ 8.9 ಕಿಲೋ.

ಜೂನ್ 25

ತೀರ್ಥಹಳ್ಳಿಯ ಆಷಾಢದ ಮಳೆ. ಆಗುಂಬೆ ಕಡೆಯಿಂದ ಬರುವ ಮೋಡಕ್ಕೆ ಬಿಡುವೇ ಇಲ್ಲ. ಟಾಪರನ್ನು ಉದ್ದದ ಅಂಚಿನ ಮೇಲೆ ನಿಲ್ಲಿಸಿ, ಎರಡು ಪ್ಲಾಸ್ಟಿಕ್ ಕುರ್ಚಿಗಳ ನಡುವೆ ಆನಿಸಿ, ಟೇಬಲ್ ಫ್ಯಾನ್ ಹಚ್ಚಿಟ್ಟಿದ್ದೇನೆ. ಕರೆಂಟ್ ಹೋದಾಗಲೆಲ್ಲ ಜೀವ ಹೋದ ಹಾಗಾಗುತ್ತದೆ. ನೀರು ಕೆಳಗಿನ ಅಂಚಿಗೆ ಇಳಿಯುವುದರಿಂದ ಆರು ಗಂಟೆಗೊಮ್ಮೆ ಮೇಲೆ ಕೆಳಗೆ ಮಾಡುತ್ತೇನೆ.

ಪಕ್ಕದ ಮನೆಯವರು ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಹಾಕಿ, ಒಂದೇ ದಿನಕ್ಕೆ ಗರಿಗರಿಯಾಗುತ್ತದೆ ಎಂದರು. ಪ್ರೀತಿಯಿಂದ ಹೇಳಿದ ಮಾತು, ಆದರೆ ಇದು ಕಂಬಳಿಯಲ್ಲ. ಇದು ಪಾಲಿಯುರೆಥೇನ್. ಕಿಡಿ ತಗುಲಿದರೆ ಕ್ಷಣದಲ್ಲಿ ಹತ್ತಿಕೊಳ್ಳುತ್ತದೆ, ಅದರ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಜೊತೆ ಹೈಡ್ರೋಜನ್ ಸಯನೈಡ್ ಕೂಡ ಇರುತ್ತದೆ. ಎದ್ದು ಓಡಲಾಗದ ಮನುಷ್ಯ ಇರುವ ಮನೆಯಲ್ಲಿ ಒಲೆಯ ಹತ್ತಿರ ಫೋಮ್ ಇಡುವ ಮಾತೇ ಇಲ್ಲ.

ನಿನ್ನೆ 6.3, ಇವತ್ತು 4.9.

ಮಧ್ಯಾಹ್ನ ಮುಟ್ಟಿ ನೋಡಿದೆ. ಎರಡೂ ಬದಿ ಒಣ. ಕೆನ್ನೆ ಇಟ್ಟು ನೋಡಿದೆ, ತಣ್ಣಗೂ ಇಲ್ಲ. ಅಮ್ಮ ಆಗಲೇ ಕವರ್ ತಂದಿದ್ದರು. ಅಪ್ಪಯ್ಯ ಕುರ್ಚಿಯಿಂದಲೇ ಹೇಳಿದರು: "ಹಂಗಲ್ಲ ಮಗಾ. ಗೋಟಡಿಕೆ ಸಿಪ್ಪೆ ಒಣಗಿದ್ದು ನೋಡಿ ಚೀಲ ತುಂಬಿಸ್ತಾರಾ? ಕಿವಿ ಹತ್ರ ಅಲ್ಲಾಡಿಸಿ ನೋಡ್ಬೇಕು." ಐದು ದಿನಗಳಲ್ಲಿ ಅವರು ಆಡಿದ ಅತಿ ಉದ್ದದ ಮಾತು ಅದು. ಗೋಟಡಿಕೆಯನ್ನು ಸಿಪ್ಪೆ ಸಮೇತ ಒಣಗಿಸುತ್ತಾರೆ. ಸಿಪ್ಪೆಯೊಳಗೆ ಗೋಟು ಬಿಟ್ಟುಕೊಂಡು ಗಡಗಡ ಅನ್ನುವ ತನಕ ಅಡಿಕೆ ಒಣಗಿಲ್ಲ. ಟಾಪರಿಗೆ ಸದ್ದಿಲ್ಲ, ತಕ್ಕಡಿ ಇದೆ. 4.9ರಲ್ಲಿ 3.38 ಕಳೆದರೆ ಒಂದೂವರೆ ಲೀಟರ್ ನೀರು ಒಳಗೇ ಇತ್ತು. ಕೆನ್ನೆಗೂ ಗೊತ್ತಾಗದ ಒಂದೂವರೆ ಲೀಟರ್! ಕವರ್ ಹಾಕಿದ್ದರೆ ಅಷ್ಟೂ ನೀರು ಕತ್ತಲಲ್ಲಿ ಕೂತು ಬೂಸ್ಟು ಹಿಡಿಸುತ್ತಿತ್ತು. ಕವರ್ ವಾಪಸ್ ಬೀರುವಿಗೆ ಹೋಯಿತು.

ಜೂನ್ 30

26ಕ್ಕೆ 4.25. 27ಕ್ಕೆ 3.8. 28ಕ್ಕೆ 3.55. ಕೊನೆಯ ಇನ್ನೂರು ಗ್ರಾಂ ಬಿಡುವುದು ಬಹಳ ನಿಧಾನ, ಮೂಗಿಗೆ ಸಣ್ಣ ಮುಗ್ಗಲು ವಾಸನೆ ಬಂದಂತಾಗಿ ಒಮ್ಮೆ ತೆಳುವಾಗಿ ವಿನೆಗರ್ ಹೊಡೆದೆ. ನಿನ್ನೆ ಒಂದು ಗಂಟೆ ಬಿಸಿಲು ಬಂತು. ಅಂಗಳದಲ್ಲಿ ಕುರ್ಚಿಗಾನಿಸಿ ಮೇಲೆ ಬಿಳಿ ಪಂಚೆ ಹೊದಿಸಿದೆ. ನೇರ ಬಿಸಿಲಿನ ನೇರಳಾತೀತ ಕಿರಣ ಫೋಮನ್ನು ಹಳದಿ ಮಾಡಿ ಪುಡಿಪುಡಿ ಮಾಡುತ್ತದೆ.

ಇವತ್ತು ಬೆಳಿಗ್ಗೆ 3.40. ಮೂತ್ರದ ವಾಸನೆ ಇಲ್ಲ. ತೊಳೆಯುವ ಮುಂಚೆ ಎಲ್ಲಿ ಮೂಗಿಡಲು ಆಗುತ್ತಿರಲಿಲ್ಲವೋ ಅಲ್ಲೇ ಮೂಗಿಟ್ಟು ನೋಡಿದೆ.

ಇಷ್ಟೂ ದಿನ ಅಪ್ಪಯ್ಯ ನಾರಿನ ಹಾಸಿಗೆಯ ಮೇಲೆ ಎರಡು ರಜಾಯಿ ಹಾಸಿಕೊಂಡು ಮಲಗಿದ್ದರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಟಾಪರ್ ಇದ್ದರೂ ಇತ್ತು, ಇಲ್ಲದಾಗಲೂ ಇತ್ತು. ಮೆತ್ತಗಿನ ಹಾಸಿಗೆ ಆ ಕೆಲಸವನ್ನು ತಪ್ಪಿಸುವುದಿಲ್ಲ. ಹಿಮ್ಮಡಿಯಲ್ಲಿ ಸ್ವಲ್ಪ ಕೆಂಪಾಗಿತ್ತು, ಹುಣ್ಣಾಗಲಿಲ್ಲ.

ಜುಲೈ 2

ಹರಿದ ಅಂಚಿಗೆ ಚಪ್ಪಲಿ ರಿಪೇರಿಯವರು ಬಳಸುವ ರಬ್ಬರ್ ಅಂಟು. ಹರುಕಿನ ಎರಡೂ ಕಡೆ ತೆಳ್ಳಗೆ ಸವರಿ, ಬೆರಳಿಗೆ ಜಿಗುಟು ಅನ್ನಿಸುವ ತನಕ ಹತ್ತು ನಿಮಿಷ ಕಾದು, ಆಮೇಲೆ ಒತ್ತಿ ಹಿಡಿದೆ. ದಪ್ಪ ಹಚ್ಚಿದರೆ ಒಣಗಿದ ಮೇಲೆ ಗಟ್ಟಿ ಗೆರೆಯಾಗಿ ಮೈಗೆ ಒತ್ತುತ್ತದೆ. ಜಗಲಿಯಲ್ಲಿ ಮಾಡಿದ್ದು, ವಾಸನೆ ಹೋಗಲು ಒಂದು ದಿನ ಬೇಕಾಯಿತು.

ಹಳದಿ ಕಲೆಗೆ ಮೆಡಿಕಲ್ ಶಾಪಿನ 3 ಪರ್ಸೆಂಟ್ ಹೈಡ್ರೋಜನ್ ಪೆರಾಕ್ಸೈಡ್. ವಿನೆಗರ್ ಹಾಕಿದ್ದು ಪೂರ್ತಿ ಒಣಗಿದ ಮೇಲೆಯೇ ಹಚ್ಚಿದೆ, ಅವೆರಡೂ ಸೇರಿದರೆ ಕಣ್ಣು ಮೂಗು ಸುಡುವ ಆಮ್ಲವಾಗುತ್ತದೆ. ಬ್ಲೀಚಿಂಗ್ ಪೌಡರ್ ಅಂತೂ ಹತ್ತಿರ ಬಿಡಲಿಲ್ಲ. ಕಲೆ ತೆಳುವಾಯಿತು, ಹೋಗಲಿಲ್ಲ. ಇರಲಿ, ವಾಸನೆ ಹೋಗಿದೆ.

ಜುಲೈ 13

ಇನ್ನು ಮುಂದೆ ನೀರಿಗೆ ಹಾಕುವ ಪ್ರಸಂಗವೇ ಬರಬಾರದು ಅಂತ ಮೂರು ಪದರ ಮಾಡಿದ್ದೇನೆ. ಫೋಮಿಗೆ ತಾಗಿಕೊಂಡು ಜಿಪ್ ಇರುವ ವಾಟರ್‌ಪ್ರೂಫ್ ಕವರ್, ಅದರ ಮೇಲೆ ದರ್ಜಿಯಿಂದ ಹೊಲಿಸಿದ ಕಾಟನ್ ಕವರ್, ಎಲ್ಲಕ್ಕಿಂತ ಮೇಲೆ ನಡುಭಾಗಕ್ಕೆ ಮಾತ್ರ ಒಂದು ಅಡ್ಡ ಶೀಟ್. ಅಡ್ಡ ಶೀಟನ್ನು ಎರಡೂ ಬದಿ ಹಾಸಿಗೆಯ ಅಡಿಗೆ ಒಂದಡಿ ಮಡಚಿ ಸೇರಿಸಿದರೆ ಸರಿಯುವುದಿಲ್ಲ. ರಬ್ಬರ್ ಶೀಟಿನಲ್ಲಿ ಬೆನ್ನು ಬೆವೆತು ಒದ್ದೆಯಾಗುತ್ತಿತ್ತು, ಈ ಕವರಿನಲ್ಲಿ ಅಷ್ಟಿಲ್ಲ.

ಶೀಟುಗಳನ್ನು ವಾರಕ್ಕೊಮ್ಮೆ ಬಚ್ಚಲ ಹಂಡೆಯ ಬಿಸಿ ನೀರಿನಲ್ಲಿ ನೆನೆಸುತ್ತೇನೆ. 60 ಡಿಗ್ರಿಯ ನೀರಿಗೆ ಧೂಳಿನ ಹುಳ ಸಾಯುತ್ತದೆ, ಅಪ್ಪಯ್ಯನಿಗೆ ಬೆಳಗಿನ ಸೀನು ಕಡಿಮೆಯಾಗಿದೆ. ಹದಿನೈದು ದಿನಕ್ಕೊಮ್ಮೆ ಟಾಪರಿನ ತಲೆ ಕಡೆಯನ್ನು ಕಾಲ ಕಡೆಗೆ ತಿರುಗಿಸುವುದು. ಮಂಚದ ಪ್ಲೈವುಡ್‌ಗೆ ಬಡಗಿಯಿಂದ ಹನ್ನೆರಡು ತೂತು ಕೊರೆಸಿದೆ. ಹಾಸಿಗೆ ಎತ್ತಿ ನೋಡಿದಾಗ ಹಲಗೆಯ ಮೇಲೆ ಮೈಯ ಆಕಾರದಲ್ಲಿ ಕಪ್ಪು ಚುಕ್ಕೆಗಳಿದ್ದವು, ಮೈಯ ತೇವ ಕೆಳಗಿಳಿದು ಹೋಗಲು ದಾರಿಯಿಲ್ಲದೆ ಅಲ್ಲೇ ನಿಂತಿತ್ತು.

ಆಗಸ್ಟ್ 10

ಚಳಿಗೆ ಬೆಳಿಗ್ಗೆ ಟಾಪರ್ ಹಲಗೆಯಂತೆ ಬಿಗಿಯಾಗುತ್ತದೆ. ಹಾಳಾಯಿತೇನೋ ಅಂತ ಅಮ್ಮ ಹೆದರಿದ್ದರು. ಮೆಮೊರಿ ಫೋಮ್ ತಂಪಿಗೆ ಬಿಗಿದು ಮೈಬಿಸಿಗೆ ಸಡಿಲವಾಗುವಂಥದ್ದು. ಮಲಗಿ ಕಾಲು ಗಂಟೆಗೆ ಸರಿಹೋಗುತ್ತದೆ.

ಪ್ರತಿ ಭಾನುವಾರ ಅಪ್ಪಯ್ಯ ವಾಕರ್ ಹಿಡಿದು ಜಗಲಿಗೆ ಬಂದಾಗ ಕವರ್ ಬಿಚ್ಚಿ ಟಾಪರ್ ನಿಲ್ಲಿಸುತ್ತೇನೆ, ಆಮೇಲೆ ತೂಗುತ್ತೇನೆ. ಅವರು ಅಲ್ಲಿಂದಲೇ "ಎಷ್ಟು ಬಂತು?" ಅಂತ ಕೇಳುತ್ತಾರೆ, ಅಡಿಕೆ ಮಂಡಿಯಲ್ಲಿ ಕೇಳುತ್ತಿದ್ದ ಅದೇ ಧ್ವನಿಯಲ್ಲಿ. ಇವತ್ತು 3.44 ಅಂದೆ.

"ಅರವತ್ತು ಗ್ರಾಂ ಜಾಸ್ತಿ. ಮಧ್ಯಾಹ್ನದ ತನಕ ಹಂಗೇ ನಿಲ್ಸು," ಎಂದರು. ಫ್ಯಾನ್ ಹಾಕಿ ಬಂದಿದ್ದೇನೆ.