ವಾಟರ್ ಜೆಟ್ ಆಪರೇಟರ್‌ಗೆ ಮೊದಲು ನಿಲ್ಲಿಸುವುದನ್ನು ಕಲಿಸಿ

ಕಾರ್ಖಾನೆ ನಿಲ್ಲಿಸಿ ರಿಪೇರಿ ಮಾಡುವ ಶಟ್‌ಡೌನ್ ಸಮಯದಲ್ಲಿ ಹೀಟ್ ಎಕ್ಸ್‌ಚೇಂಜರ್ (ಶಾಖ ವಿನಿಮಯ ಯಂತ್ರ) ಟ್ಯೂಬ್, ಟ್ಯಾಂಕ್, ಪೈಪ್‌ಗಳನ್ನು ತೊಳೆಯಲು ಬರುವ ಹೈ ಪ್ರೆಶರ್ ವಾಟರ್ ಜೆಟ್ ಯಂತ್ರಕ್ಕೆ ಆಪರೇಟರ್‌ಗಳನ್ನು ತಯಾರು ಮಾಡುವ ರೀತಿ ಬಹಳ ಕಡೆ ಒಂದೇ. ಅರ್ಧ ದಿನ ಪ್ರೊಜೆಕ್ಟರ್, ಹೆಲ್ಮೆಟ್ ಮತ್ತು ಗ್ಲೌಸಿನ ಚಿತ್ರಗಳು, ಪಂಪ್ ಸ್ಟಾರ್ಟ್ ಮಾಡುವ ಕ್ರಮ, ಕೊನೆಗೆ ರಿಜಿಸ್ಟರ್‌ನಲ್ಲಿ ಸಹಿ. ಪಂಪ್ ಸ್ಟಾರ್ಟ್ ಮಾಡುವುದು ಯಾರಿಗಾದರೂ ಒಂದು ಗಂಟೆಯಲ್ಲಿ ಬರುತ್ತದೆ. ಪೆಟ್ಟು ಬೀಳುವುದು ನಿಲ್ಲಿಸುವಾಗ, ಅಥವಾ ನಿಂತಿದೆ ಎಂದುಕೊಂಡು ಕೈ ಹಾಕುವಾಗ. ಹಾಗಾಗಿ ತರಬೇತಿಯ ಮೊದಲ ಪಾಠ ಅಲ್ಲಿಂದಲೇ ಶುರುವಾಗಬೇಕು.

ಅದಕ್ಕೂ ಮುಂಚೆ ಎರಡು ಲೆಕ್ಕ. ಬೋರ್ಡಿನ ಮೇಲೆ ಬರೆದು, ಕಲಿಯುವವರ ಕೈಯಿಂದಲೇ ಮಾಡಿಸಬೇಕು.

1000 ಬಾರ್ ಒತ್ತಡದಲ್ಲಿ ನಾಝಲ್‌ನಿಂದ ಹೊರಬರುವ ನೀರಿನ ವೇಗ ಸೆಕೆಂಡಿಗೆ ಸುಮಾರು 447 ಮೀಟರ್. ಗಾಳಿಯಲ್ಲಿ ಶಬ್ದದ ವೇಗ ಸುಮಾರು 343 ಮೀಟರ್. ಈ ನೀರನ್ನು ಪಿವಿಸಿ ಸೂಟ್ ತಡೆಯುವುದಿಲ್ಲ. ಅದು ಮೈ ಒದ್ದೆಯಾಗದಂತೆ ನೋಡಿಕೊಳ್ಳುತ್ತದೆ, ಅಷ್ಟೇ. ಜೆಟ್ ತಡೆಯುವ ಬೇರೆ ಬಟ್ಟೆಯ ಸೂಟ್, ಬೂಟು ಕವಚಗಳಿವೆ. ಆದರೆ ಅವುಗಳ ಮೇಲೆ ಬರೆದಿರುವ ಬಾರ್ ಲೆಕ್ಕ ಜೆಟ್ ಒಮ್ಮೆ ಸರಿದು ಹೋಗುವುದಕ್ಕೆ ಮಾತ್ರ, ಒಂದೇ ಜಾಗದಲ್ಲಿ ನಿಂತರೆ ಆ ಲೆಕ್ಕ ಉಳಿಯುವುದಿಲ್ಲ.

ಎರಡನೆಯದು ಹಿಂದೊತ್ತು, ಅಂದರೆ ಗನ್ ಹಿಡಿದವನನ್ನು ಜೆಟ್ ಹಿಂದಕ್ಕೆ ನೂಕುವ ಬಲ. ನಿಮಿಷಕ್ಕೆ ಎಷ್ಟು ಲೀಟರ್ ಎಂಬುದನ್ನು ಬಾರ್‌ನ ವರ್ಗಮೂಲದಿಂದ ಗುಣಿಸಿ, ಮತ್ತೆ 0.024ರಿಂದ ಗುಣಿಸಿದರೆ ಕಿಲೋ ಲೆಕ್ಕದಲ್ಲಿ ಉತ್ತರ ಸಿಗುತ್ತದೆ. 1000 ಬಾರ್, 30 ಲೀಟರ್ ಆದರೆ ಸುಮಾರು 23 ಕಿಲೋ. ಕೈಯಲ್ಲಿ ಹಿಡಿಯುವ ಗನ್‌ನ ಹಿಂದೊತ್ತು ಆಪರೇಟರ್‌ನ ತೂಕದ ಮೂರನೇ ಒಂದು ಭಾಗ ಮೀರಬಾರದು ಎಂಬುದು ಈ ಕೆಲಸದಲ್ಲಿ ರೂಢಿಯಲ್ಲಿರುವ ಮಿತಿ. 70 ಕಿಲೋ ತೂಕದ ಮನುಷ್ಯನಿಗೆ ಇಲ್ಲಿಗೇ ಮಿತಿ ಮುಗಿಯಿತು. ಅದೂ ಸಮತಟ್ಟಾದ ನೆಲದಲ್ಲಿ, ಎರಡೂ ಕಾಲು ಊರಿ ನಿಂತಾಗ. ಸ್ಕ್ಯಾಫೋಲ್ಡಿಂಗ್ ಮೇಲಾದರೆ ಇನ್ನೂ ಕಡಿಮೆ ಇಟ್ಟುಕೊಳ್ಳಬೇಕು. ಏಣಿಯ ಮೇಲೆ ನಿಂತು ಜೆಟ್ ಹೊಡೆಯುವ ಪ್ರಶ್ನೆಯೇ ಇಲ್ಲ.

ಈ ಲೆಕ್ಕ ಗೊತ್ತಿದ್ದವನಿಗೆ ಸವೆದ ನಾಝಲ್ ಏಕೆ ಅಪಾಯ ಎಂಬುದೂ ಗೊತ್ತಾಗುತ್ತದೆ. ತೂತಿನ ವ್ಯಾಸ ಶೇ 10ರಷ್ಟು ಸವೆದರೆ ಗೇಜ್‌ನಲ್ಲಿ ಒತ್ತಡ ಇಳಿಯುತ್ತದೆ. ಪಂಪ್ ಬಳಿ ಇರುವವನು ಆರ್‌ಪಿಎಂ ಏರಿಸಿ ಮತ್ತೆ 1000 ಬಾರ್‌ಗೆ ತರುತ್ತಾನೆ. ಗೇಜ್ ಮೊದಲಿನಂತೆಯೇ ಕಾಣುತ್ತದೆ, ಆದರೆ ನೀರು ಶೇ 21ರಷ್ಟು ಹೆಚ್ಚಾಗಿ, ಹಿಂದೊತ್ತು 23ರಿಂದ 27 ಕಿಲೋ ದಾಟಿರುತ್ತದೆ. ಗನ್ ಹಿಡಿದವನಿಗೆ ಯಾರೂ ಹೇಳಿರುವುದಿಲ್ಲ.

ಈಗ ನಿಲ್ಲಿಸುವ ವಿಷಯ. ಗನ್‌ಗಳಲ್ಲಿ ಎರಡು ಜಾತಿ. ಡಂಪ್ ಗನ್‌ನಲ್ಲಿ ಟ್ರಿಗರ್ ಬಿಟ್ಟರೆ ನೀರು ಬೇರೆ ದಾರಿಯಿಂದ ಹೊರಗೆ ಹರಿದು, ಹೋಸ್‌ನ ಒತ್ತಡವೂ ಇಳಿದುಹೋಗುತ್ತದೆ. ಶಟ್ ಆಫ್ ಗನ್‌ನಲ್ಲಿ ಟ್ರಿಗರ್ ಬಿಟ್ಟರೆ ನೀರು ನಿಲ್ಲುತ್ತದೆ, ಒತ್ತಡ ಹೋಸ್‌ನಲ್ಲೇ ಉಳಿಯುತ್ತದೆ. ಪಂಪ್ ಬಳಿಯ ಅನ್‌ಲೋಡರ್ ನೀರನ್ನು ತಿರುಗಿಸಿ ಕಳಿಸುವುದರಿಂದ ಅಲ್ಲಿಯ ಗೇಜ್ ಮುಳ್ಳು ಕೆಳಗಿಳಿದಿರುತ್ತದೆ. ಅನ್‌ಲೋಡರ್‌ನಿಂದ ಮುಂದಿರುವ, ನೀರನ್ನು ಹಿಂದಕ್ಕೆ ಬಿಡದ ನಾನ್ ರಿಟರ್ನ್ ವಾಲ್ವ್ ಆಚೆಗೆ ಹೋಸ್ ಮಾತ್ರ ಪೂರ್ತಿ ಒತ್ತಡದಲ್ಲಿ ಬಿಗಿದು ಕೂತಿರುತ್ತದೆ. ಮುಳ್ಳು ನೋಡಿ ಸ್ಪ್ಯಾನರ್ ಹಾಕಿದವನ ಕೈ ಹೋಗುವುದು ಇಲ್ಲಿ.

ಅದಕ್ಕೇ ಕ್ರಮ ಹೀಗೆ: ಎಂಜಿನ್ ಆಫ್ ಮಾಡಿ, ಕೀಲಿ ತೆಗೆದು ಜೇಬಿಗೆ ಹಾಕಿಕೊಳ್ಳಿ, ಗನ್ ಅನ್ನು ಯಾರೂ ಇಲ್ಲದ ಕಡೆ ತಿರುಗಿಸಿ ಟ್ರಿಗರ್ ಒತ್ತಿ, ನೀರು ಚಿಮ್ಮಿ ಪೂರ್ತಿ ನಿಲ್ಲುವವರೆಗೆ ಹಿಡಿಯಿರಿ, ಗೇಜ್ ಆಮೇಲೆ ನೋಡಿ. ಟ್ರಿಗರ್ ಒತ್ತಿದಾಗ ಒಂದು ಹನಿಯೂ ಬರದಿದ್ದರೆ ಸಮಾಧಾನ ಪಡಬೇಡಿ. ನಾಝಲ್ ಕಟ್ಟಿಕೊಂಡಿದೆ ಅಥವಾ ವಾಲ್ವ್ ಸಿಕ್ಕಿಕೊಂಡಿದೆ, ಹೋಸ್‌ನಲ್ಲಿ ಒತ್ತಡ ಇದೆ ಎಂದೇ ತಿಳಿಯಬೇಕು. ಅಂಥ ಹೊತ್ತಿಗಾಗಿ ಹೋಸ್ ಬದಿಯಲ್ಲೇ ಒತ್ತಡ ಹೊರಬಿಡುವ ಒಂದು ಬ್ಲೀಡ್ ವಾಲ್ವ್ ಇರಬೇಕು. ಇಲ್ಲದ ಸೆಟ್ ಬಂದರೆ ಕೆಲಸಕ್ಕೆ ತೆಗೆದುಕೊಳ್ಳದಿರುವುದೇ ಲೇಸು.

ತರಬೇತಿಯಲ್ಲಿ ಇದನ್ನು ಕಡಿಮೆ ಒತ್ತಡದಲ್ಲಿ ಮಾಡಿಸಿ. ಜೆಟ್ ಹೊಡೆಯುತ್ತಿರುವಾಗ ಹಿಂದಿನಿಂದ ಯಾರಾದರೂ ಕೈ ಎತ್ತಬೇಕು, ಪಂಪ್ ಬಳಿ ಇರುವವನು ಅದನ್ನು ನೋಡಿ ಡಂಪ್ ಮಾಡಬೇಕು. ಪಂಪ್ ಆಪರೇಟರ್‌ನ ಕಣ್ಣು ಗೇಜ್ ಮೇಲಲ್ಲ, ಗನ್ ಹಿಡಿದವನ ಮೇಲೆ ಇರಬೇಕು ಎಂಬುದು ಹೇಳಿದರೆ ಬರುವುದಿಲ್ಲ, ಮಾಡಿದಾಗ ಬರುತ್ತದೆ. ಇಬ್ಬರಿಗೂ ಕಿವಿಯಲ್ಲಿ ಪ್ಲಗ್ ಇರುತ್ತದೆ, ಕೂಗಿದ್ದು ಕೇಳಿಸುವುದಿಲ್ಲ, ಕೈಸನ್ನೆ ಮೊದಲೇ ಗೊತ್ತುಮಾಡಿಕೊಂಡಿರಬೇಕು. ಡಂಪ್ ಪರೀಕ್ಷೆ ಪ್ರತಿ ಶಿಫ್ಟ್ ಶುರುವಿನಲ್ಲಿ ಆಗಬೇಕು. ಟ್ರಿಗರ್‌ಗೆ ತಂತಿ ಸುತ್ತಿದ ಗನ್ ಕಂಡರೆ ಅಂದಿನ ಕೆಲಸ ಅಲ್ಲಿಗೇ ನಿಲ್ಲಬೇಕು, ಎಚ್ಚರಿಕೆ ಕೊಟ್ಟು ಬಿಡುವ ವಿಷಯ ಅದಲ್ಲ.

ಟ್ಯೂಬ್ ಒಳಗೆ ಫ್ಲೆಕ್ಸಿಬಲ್ ಲ್ಯಾನ್ಸ್, ಅಂದರೆ ತುದಿಯಲ್ಲಿ ನಾಝಲ್ ಇರುವ ಬಾಗುವ ಹೋಸ್, ಬಿಡುವ ಕೆಲಸಕ್ಕೆ ಬೇರೆಯೇ ಪಾಠ ಬೇಕು. ಇಲ್ಲಿ ಮುಖ್ಯ ಭಯ ನಾಝಲ್ ಒಳಗೇ ತಿರುಗಿ ಆಪರೇಟರ್ ಕಡೆಗೆ ವಾಪಸ್ ಬರುವುದು, ಇಲ್ಲವೇ ಜೆಟ್ ಹೊಡೆಯುತ್ತಲೇ ಟ್ಯೂಬ್‌ನಿಂದ ಹೊರಗೆ ಬೀಳುವುದು. ನಾಝಲ್ ಮತ್ತು ಅದರ ಹಿಂದಿನ ಗಟ್ಟಿ ತುಂಡು ಸೇರಿದ ಉದ್ದ ಟ್ಯೂಬ್‌ನ ಒಳವ್ಯಾಸದ ಒಂದೂವರೆ ಪಟ್ಟಿಗಿಂತ ಹೆಚ್ಚಿದ್ದರೆ ಅದು ತಿರುಗಲಾರದು. 50 ಮಿ.ಮೀ. ಒಳವ್ಯಾಸಕ್ಕೆ ಕನಿಷ್ಠ 75 ಮಿ.ಮೀ. ನಾಝಲ್‌ನಿಂದ 60 ಸೆಂ.ಮೀ. ಹಿಂದೆ ಹೋಸ್ ಮೇಲೆ ಎದ್ದು ಕಾಣುವ ಗುರುತು ಇರಬೇಕು. ಹೊರಗೆಳೆಯುವಾಗ ಆ ಗುರುತು ಕಂಡ ಕ್ಷಣ, ಜೆಟ್ ಶುರು ಮಾಡುವ ಮತ್ತು ನಿಲ್ಲಿಸುವ ಪೆಡಲ್‌ನಿಂದ ಕಾಲು ತೆಗೆಯಬೇಕು. ಗುರುತನ್ನು ನಂಬಿ ಕೂರದೆ ಟ್ಯೂಬ್ ಶೀಟ್ (ಟ್ಯೂಬ್‌ಗಳ ತುದಿ ಕೂರಿಸಿದ ತಟ್ಟೆ) ಎದುರಿಗೆ ಹೋಸ್ ತಡೆಯುವ ಕ್ಲಾಂಪನ್ನೂ ಹಾಕಬೇಕು. ನಾಝಲ್ ಟ್ಯೂಬ್ ಒಳಗೆ ಹೋದ ಮೇಲೆಯೇ ಪೆಡಲ್ ಒತ್ತುವುದು. ಆ ಪೆಡಲ್ ಲ್ಯಾನ್ಸ್ ಹಿಡಿದವನ ಕಾಲಡಿಯಲ್ಲೇ ಇರಬೇಕು, ಹೆಲ್ಪರ್ ಕಾಲಡಿಯಲ್ಲಿ ಅಲ್ಲ. ಮೇಲೆ ಗಾರ್ಡ್ ಇಲ್ಲದ ಪೆಡಲ್ ಮೇಲೆ ಸ್ಪ್ಯಾನರ್ ಬಿದ್ದರೂ ಸಾಕು, ಜೆಟ್ ಶುರು.

ಪೂರ್ತಿ ಕಟ್ಟಿಕೊಂಡ ಟ್ಯೂಬ್‌ನಲ್ಲಿ ನೀರಿಗೆ ಹಿಂದಕ್ಕೆ ಬರುವುದೊಂದೇ ದಾರಿ. ನಾಝಲ್ ತೀರಾ ಬಿಗಿಯಾಗಿದ್ದರೆ ಆ ದಾರಿಯೂ ಇಲ್ಲ, ನೀರು ಲ್ಯಾನ್ಸನ್ನೇ ಹಿಂದಕ್ಕೆ ದಬ್ಬುತ್ತದೆ. ಸುತ್ತ ನೀರು ಹರಿಯಲು ಜಾಗ ಬಿಡುವ ಅಳತೆಯ ನಾಝಲ್ ಆರಿಸಬೇಕು. ಇನ್ನೊಂದು ತುದಿಯಿಂದ ಗಷ್ಟು ಗುಂಡಿನಂತೆ ಹಾರುತ್ತದೆ, ಅಲ್ಲಿಯೂ ಬ್ಯಾರಿಕೇಡ್ ಕಟ್ಟಿ. ಹೆಚ್ಚಿನವರು ಕಟ್ಟುವುದು ತಾವು ನಿಂತ ಕಡೆ ಮಾತ್ರ.

ಹೋಸ್ ಮತ್ತು ಫಿಟ್ಟಿಂಗ್ ಬಗ್ಗೆ ಚಿಕ್ಕದಾಗಿ ಹೇಳುವುದಾದರೆ, ಹೋಸ್ ಸಿಡಿಯುವ ಒತ್ತಡ ಕೆಲಸದ ಒತ್ತಡದ ಎರಡೂವರೆ ಪಟ್ಟಾದರೂ ಇರಬೇಕು. ಹೊರಗಿನ ರಬ್ಬರ್ ಸವೆದು ಒಳಗಿನ ತಂತಿ ಕಂಡರೆ ಆ ಹೋಸ್ ಕತ್ತರಿಸಿ ಎಸೆಯಿರಿ, ಮೂಲೆಯಲ್ಲಿಟ್ಟರೆ ನೈಟ್ ಶಿಫ್ಟ್‌ನಲ್ಲಿ ಯಾರೋ ಜೋಡಿಸುತ್ತಾರೆ. ಹೋಸ್ ಜೋಡಿಸುವ ಕೋನ್ ಫಿಟ್ಟಿಂಗ್‌ಗಳ ಪಕ್ಕದಲ್ಲಿರುವ ಸಣ್ಣ ತೂತಿನಿಂದ ನೀರು ಜಿನುಗಿದರೆ ಒಳಗೆ ಸೀಲ್ ಕೂತಿಲ್ಲ ಎಂದರ್ಥ. ಆ ತೂತು ಇರುವುದೇ ಅದನ್ನು ತಿಳಿಸಲು. ಟೇಪ್ ಸುತ್ತಿ ಮುಚ್ಚುವುದೂ ತಪ್ಪು, ಒತ್ತಡ ಇರುವಾಗ ಬಿಗಿ ಮಾಡುವುದೂ ತಪ್ಪು. ಸೋರಿಕೆಯನ್ನು ಕೈ ಸವರಿ ಹುಡುಕಬಾರದು.

ಒತ್ತಡ ಮಿತಿ ಮೀರಿದರೆ ತಾನೇ ಒಡೆದು ಒತ್ತಡ ಬಿಡುವ ಬರ್ಸ್ಟ್ ಡಿಸ್ಕ್ ಪದೇ ಪದೇ ಒಡೆಯುತ್ತಿದೆ ಎಂದು ಎರಡು ಡಿಸ್ಕ್ ಒಟ್ಟಿಗೆ ಹಾಕುವ ಜಾಣರಿದ್ದಾರೆ. ಡಿಸ್ಕ್ ಒಡೆಯಲು ಮಾಮೂಲಿ ಕಾರಣ ನಾಝಲ್‌ಗೆ ಮರಳು, ತುಕ್ಕಿನ ಚೂರು ಸಿಕ್ಕಿಕೊಳ್ಳುವುದು. ಇನ್‌ಲೆಟ್ ಫಿಲ್ಟರ್ ತೆಗೆದು ನೋಡಿ. ಹೊಸ ಹೋಸ್ ಜೋಡಿಸಿದಾಗ ನಾಝಲ್ ಹಾಕುವ ಮುಂಚೆ ಒಂದೆರಡು ನಿಮಿಷ ಕಡಿಮೆ ಒತ್ತಡದಲ್ಲಿ ನೀರು ಹರಿಸಿ ತೊಳೆದರೆ ಅರ್ಧ ತೊಂದರೆ ತಪ್ಪುತ್ತದೆ.

ಪೆಟ್ಟಿನ ಗುರುತು ಹೇಗಿರುತ್ತದೆ ಎಂಬುದನ್ನು ಫೋಟೋ ಸಮೇತ ತೋರಿಸಲೇಬೇಕು. ಚರ್ಮದಲ್ಲಿ ಸೂಜಿ ಚುಚ್ಚಿದಷ್ಟು ತೂತು, ರಕ್ತ ಇಲ್ಲವೆನ್ನುವಷ್ಟು, ನೋವೂ ಮೊದಲು ಕಡಿಮೆ ಇರಬಹುದು. ಒಳಗೆ ನೀರು ಕೊಳೆಯನ್ನೂ ರಾಸಾಯನಿಕವನ್ನೂ ಹೊತ್ತು ಸ್ನಾಯು, ನರಗಳ ನಡುವೆ ದೂರ ಹೋಗಿರುತ್ತದೆ. ಬ್ಯಾಂಡೇಜ್ ಹಾಕಿ ಕೆಲಸಕ್ಕೆ ಮರಳಿದವರು ಮುಂದೆ ಬೆರಳು ಕಳೆದುಕೊಳ್ಳಬಹುದು. ತಡಮಾಡದೆ ಶಸ್ತ್ರಚಿಕಿತ್ಸೆಯ ಸೌಲಭ್ಯ ಇರುವ ಆಸ್ಪತ್ರೆಗೆ ಹೋಗಬೇಕು, ದಾರಿಯಲ್ಲಿ ತಿನ್ನಲು ಕುಡಿಯಲು ಕೊಡಬಾರದು. ಪ್ರತಿ ಆಪರೇಟರ್ ಜೇಬಿನಲ್ಲಿ ಒಂದು ಕಾರ್ಡ್ ಇರಬೇಕು: ಇದು ಹೈ ಪ್ರೆಶರ್ ವಾಟರ್ ಜೆಟ್ ಗಾಯ, ಒತ್ತಡ ಇಷ್ಟು ಬಾರ್, ನೀರಿನಲ್ಲಿ ಇಂಥದ್ದಿತ್ತು, ಪೆಟ್ಟಾದ ಸಮಯ ಇಷ್ಟು. ಇಂಥ ಗಾಯ ಹಿಂದೆ ಕಂಡಿರದ ವೈದ್ಯರು ಹೊರಗಿನ ತೂತು ನೋಡಿ ಮನೆಗೆ ಕಳಿಸಿಬಿಡಬಹುದು.

ಪರೀಕ್ಷೆ ಬರವಣಿಗೆಯಲ್ಲಿ ಬೇಡ. ಎದುರಿಗೆ ಒಂದು ಸೆಟ್ ಇಟ್ಟು, ಸವೆದ ಹೋಸ್, ತಪ್ಪು ರೇಟಿಂಗ್‌ನ ಫಿಟ್ಟಿಂಗ್, ಗಾರ್ಡ್ ಇಲ್ಲದ ಪೆಡಲ್ ಸೇರಿಸಿ, ಹುಡುಕಲು ಹೇಳಿ. ಆಮೇಲೆ ಹೋಸ್ ಬಿಚ್ಚಲು ಹೇಳಿ, ಟ್ರಿಗರ್ ಒತ್ತಿ ಖಾಲಿ ಮಾಡದೆ ಸ್ಪ್ಯಾನರ್ ಎತ್ತಿದವನನ್ನು ಇನ್ನೊಮ್ಮೆ ಕೂರಿಸಿ. ಡಂಪ್ ಗನ್‌ನಲ್ಲಿ ಪಳಗಿದವನ ಕೈಗೆ ಶಟ್ ಆಫ್ ಗನ್ ಕೊಡುವ ದಿನವೂ ಇದೇ ಪರೀಕ್ಷೆ ಮತ್ತೆ ಆಗಬೇಕು, ಅವನು ಎಷ್ಟೇ ಹಳಬನಾಗಿರಲಿ.