ಒಮ್ಮೆ ಮಾಡಿ ತೋರಸ್ರಿ ನೋಡೋಣ

ಮೊನ್ನೆ ಮಂಗಳವಾರ ಸಂಜಿಮುಂದ ಅಪ್ಪನ ದಮ್ಮಿನ ಔಷಧಿ ತರಾಕ ಅವನ್ನ ಬೈಕಿನ ಹಿಂದ ಕುಂದ್ರಿಸ್ಕೊಂಡು ಗಂಗಾವತಿ ಬಸ್‌ಸ್ಟ್ಯಾಂಡ್ ಕಡೆ ಹೋಗಿದ್ದೆ, ದಿನಾ ಹೋಗೋ ಮೆಡಿಕಲ್ ಬಂದ್ ಇತ್ತು ಅಂತ ಪಕ್ಕದ ಸಂದಿಯೊಳಗಿನ ಸಣ್ಣ ಅಂಗಡಿಗೆ ಹೊಕ್ವಿ. ಕೌಂಟರ್‌ನ್ಯಾಗ ಸಣ್ಣ ವಯಸ್ಸಿನ ಹೆಣ್ಮಗಳು. ಚೀಟಿ ನೋಡಿ, ದಮ್ಮು ಹತ್ತಿದಾಗ ಬಾಯಿಗೆ ಒತ್ಕೊಳ್ಳೋ ನೀಲಿ ಪಂಪ್ ಎಷ್ಟು ದಿನ ಬರ್ತೈತ್ರಿ ಅಂದ್ರು. ಇಪ್ಪತ್ತೈದು ದಿನ ಅಂದೆ. ಮುಖ ಸಣ್ಣದಾತು ಅವರದು. ಒಂದರಾಗ 200 ಸಲ ಒತ್ತೋದು ಇರ್ತೈತಿ, ಅಂದ್ರ ದಿನಕ್ಕ ಎಂಟು ಸಲ ಆತಲ್ರಿ, ಮತ್ತ ಮಷೀನ್‌ನ್ಯಾಗ ಹಾಕಿ ದಿನಕ್ಕ ಎರಡು ಎಳೀಬೇಕಾದ ಈ 30ರ ಪುಡಿ ಕ್ಯಾಪ್ಸೂಲ್ ಡಬ್ಬಿ ನಿಮಗ ತಿಂಗಳಪೂರ್ತಿ ಹೆಂಗ ಬಂತು?

ಅಪ್ಪ ಅಂದ, "ಆ ಪುಡಿಯಿಂದ ಏನೂ ಗುಣ ಆಗಂಗಿಲ್ಲವಾ, ಅದಕ್ಕ ಮುಂಜಾನಿ ಒಂದು ಎಳದು ಬಿಡ್ತೀನಿ, ದಮ್ಮು ಹತ್ತಿದ್ರ ನೀಲಿದು."

"ಅಜ್ಜಾರ, ಹೆಂಗ ಎಳೀತೀರಿ, ಒಮ್ಮೆ ಮಾಡಿ ತೋರಸ್ರಿ ನೋಡೋಣ."

ಈ ಔಷಧಿ ಶುರುವಾಗಿ ಎರಡು ವರ್ಷ ಆತು. ಎಕ್ಸ್‌ರೇ ಆತು, ಪೈಪ್‌ನ್ಯಾಗ ಊದಿಸೋ ಟೆಸ್ಟ್ ಆತು, ಮೂರು ಡಾಕ್ಟರ್ ಆದ್ರು. ತೋರಸ್ರಿ ಅಂತ ಯಾರೂ ಅಂದಿರಲಿಲ್ಲ.

ಅಪ್ಪ ಅಂಗಿ ಕಿಸೆದಾಗಿನ ಮಷೀನ್ ತಗದು, ಕ್ಯಾಪ್ಸೂಲ್ ಹಾಕಿ, ಬಿಸಿ ಚಾ ಹೀರಿದಂಗ ಮೆಲ್ಲಕ ಎಳದ. ಅವರು ಮಷೀನ್ ಬಿಚ್ಚಿ ಲೈಟಿನ ಕೆಳಗ ಹಿಡದ್ರು. ಅರ್ಧಕ್ಕಿಂತ ಹೆಚ್ಚು ಪುಡಿ ಅಲ್ಲೇ ಕುಂತಿತ್ತು, ಬೆಳ್ಳಗ, ಸಣ್ಣ ತೌಡಿನಂಗ. ಮೂವತ್ತು ವರ್ಷ ರೈಸ್‌ಮಿಲ್‌ನ್ಯಾಗ ಹಮಾಲಿ ಮಾಡಿ ಯಾರೂ ಹೇಳಿಕೊಡದನ ತೌಡಿನ ಧೂಳು ಎದಿಗೆ ಇಳಿಸ್ಕೊಂಡ ಮನುಷ್ಯಾಗ (ಬೀಡಿನೂ ಇತ್ತು, ಸುಳ್ಳ್ಯಾಕ ಹೇಳಲಿ) ಔಷಧಿ ಪುಡಿ ಮಾತ್ರ ಒಳಗ ಹೋಗಿರಲಿಲ್ಲ. ಅದು ಕಣ್ಣಿಂದ ಹೋಗವಲ್ದು.

ಪಂಪ್ ಇದ್ರ ಮೆಲ್ಲಕ, ಪುಡಿ ಇದ್ರ ಜೋರಾಗಿ ಎಳೀಬೇಕು ಅಂದ್ರು. ಪಂಪ್‌ನ್ಯಾಗ ಗ್ಯಾಸ್ ಔಷಧಿ ನೂಕ್ತೈತಿ, ಇದಕ್ಕ ನಿಮ್ಮ ಉಸಿರ ಬಲಾನ. ಮೊದಲ ಉಸಿರು ಹೊರಗ ಬಿಡ್ರಿ, ಆದ್ರ ಮಷೀನ್ ಒಳಗ ಊದಬ್ಯಾಡ್ರಿ, ಪಸಿ ಹತ್ತಿ ಪುಡಿ ಗಂಟಾಗ್ತೈತಿ. ಎಳದ ಮ್ಯಾಲೆ ಹತ್ತು ಎಣಿಸೋ ತನಕ ಹಿಡಕೊಳ್ರಿ. ಪುಡಿ ಉಳಿದ್ರ ಅದನ್ನ ಇನ್ನೊಮ್ಮೆ ಎಳೀರಿ. ಆಮೇಲೆ ಬಾಯಿ ಮುಕ್ಕಳಿಸಿ ಉಗುಳ್ರಿ, ಇದರಾಗ ಸ್ಟೀರಾಯ್ಡ್ ಐತಿ, ಇಲ್ಲಾಂದ್ರ ನಾಲಿಗಿ ಮ್ಯಾಲೆ ಬಿಳಿ ಕೂಡ್ತೈತಿ. ಬಾಯಿ ರುಚಿ ಇಲ್ಲ ಅಂತ ಅಪ್ಪ ಎಷ್ಟು ತಿಂಗಳಿಂದ ಅಂತಿದ್ದ, ನಾವು ವಯಸ್ಸಾತು ಅಂದ್ಕೊಂಡು ಸುಮ್ಮನಿದ್ವಿ. ನೀಲಿದು ಎಂಟು ಸಲ ಬೇಕಾಗಾಕ ಹತ್ತೈತಿ ಅಂದ್ರ ಡಾಕ್ಟರಿಗೆ ತೋರಸ್ಲೇಬೇಕು ಅಂತ ಚೀಟಿ ಹಿಂದ ಬರದೂ ಕೊಟ್ರು.

ಹಿಂದ ನಿಂತಾವ ಒಬ್ಬ "ಲಗೂನ ಕೊಡವಾ, ಗುಳಿಗಿ ಅಷ್ಟ" ಅಂತ ಎರಡು ಸಲ ಒದರಿದ. ಅವನ ಮ್ಯಾಲೆ ನನಗ ಈಗಲೂ ಸಿಟ್ಟು.

ಅಂಗಡಿಯವರು ಎಲ್ಲಾ ವ್ಯಾಪಾರಕ್ಕ ಮಾತಾಡ್ತಾರ ಅಂತಾನ ತಮ್ಮ. ಹದಿನೈದು ನಿಮಿಷ ಹೇಳಿಕೊಟ್ಟಿದ್ದಕ್ಕ ಆಕಿ ಒಂದು ರೂಪಾಯಿ ತಗೊಂಡಿಲ್ಲ. ಔಷಧಿ ಕೊಡುವಾಗ ತಿಳಿಸಿ ಹೇಳೋದು ಫಾರ್ಮಸಿಸ್ಟ್ ಕೆಲಸ ಅಂತ 2015ರ ನಿಯಮದಾಗ ಬರದೈತಿ, ಆದ್ರ ನಾವು ಅವರನ್ನ ಗುಳಿಗಿ ಎಣಿಸಿ ಕೊಡೋರು ಅಂತಷ್ಟ ನೋಡೀವಿ. ದಿನಾ ಹೋಗೋ ಅಂಗಡಿ ಅಣ್ಣ ಒಳ್ಳೇವ್ನ, ಉದ್ರಿ ಕೊಡ್ತಾನ, ಅಪ್ಪನ ಆರಾಮ ಕೇಳ್ತಾನ. ಎಷ್ಟು ದಿನಕ್ಕ ಎಷ್ಟು ಖಾಲಿ ಆಗ್ತೈತಿ ಅನ್ನೋದು ಡಾಕ್ಟರಿಗಿಂತ ಅವಗ ಗೊತ್ತಿರ್ತೈತಿ, ಕೇಳಲಿಲ್ಲ. ನಾನೂ ಕೇಳಲಿಲ್ಲ. ಒಂದ ಮನಿಯಾಗ ಇದ್ದು, ಅಪ್ಪ ಗೋಡಿ ಕಡೆ ಮುಖ ಮಾಡಿ ಎಳೀತಿದ್ದ, ನಾಚಿಕಿ ಅವಂಗ. ನಾ ಎದುರು ಹೋಗಿ ಕುಂದ್ರಲಿಲ್ಲ.

ನಿನ್ನೆ ರಾತ್ರಿ ಕುಂತೆ. ಎಳದು, ಬೆರಳು ಮಡಚಿ ಹತ್ತು ಎಣಿಸಿ, ಮಷೀನ್ ಬಿಚ್ಚಿ ಬಲ್ಬಿನ ಕಡೆ ಹಿಡದು "ಇನ್ನೂ ಸ್ವಲ್ಪ ಐತಿ" ಅಂದು, ಅಪ್ಪ ಮತ್ತೊಮ್ಮೆ ಜೋರಾಗಿ ಎಳದ.